ಹಳೆಯ ಎಸ್‌ಯುವಿ: ಬದಲಿ ಡೆಕಾಲ್ ಸಿಗುವುದು ಹೇಗೆ, ಬಾಡಿಯ ಕೆಳಭಾಗಕ್ಕೆ ಏನು ರಕ್ಷಣೆ?

ಚಾಸಿಗಾಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗಾಡಿ 1990ರ ದಶಕದ ಕೊನೆಯದು, ಚಾಸಿ ಮೇಲೆ ಬಾಡಿ ಕೂರಿಸಿದ ದೊಡ್ಡ ಎಸ್‌ಯುವಿ. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಕೆಲಸ ಮುಗಿದಿದೆ. ಉಳಿದಿರುವುದು ಹೊರಮೈ.

ಎರಡೂ ಪಕ್ಕದಲ್ಲಿ ಮುಂದಿನ ಫೆಂಡರ್‌ನಿಂದ ಹಿಂದಿನ ಚಕ್ರದವರೆಗೆ ಕಂಪನಿಯ ಮೂರು ಬಣ್ಣದ ಅಂಟುಪಟ್ಟೆ (ಡೆಕಾಲ್) ಇದೆ: ಮೇಲೆ ಕಡುಬೂದು, ನಡುವೆ ಬೆಳ್ಳಿ, ಕೆಳಗೆ ಕೆಂಪು. ಹಿಂದಿನ ಬಾಗಿಲ ಮೇಲೆ ಮಾದರಿಯ ಹೆಸರಿನ ಸ್ಟಿಕರ್. ಬಿಸಿಲು ಬೀಳುವ ಪಕ್ಕದ ಕೆಂಪು ತಿಳಿಗುಲಾಬಿಯಾಗಿದೆ, ಬೆಳ್ಳಿ ಬಿರುಕು ಬಿಟ್ಟಿದೆ, ಉಗುರು ತಾಗಿಸಿದರೆ ಚೂರುಚೂರಾಗಿ ಉದುರುತ್ತದೆ. ಎಡಪಕ್ಕದ ಆಕಾರ ಪೂರ್ತಿ ಉಳಿದಿದೆ. ಬಲಪಕ್ಕದ ಮುಂಬಾಗಿಲಿಗೆ ಹಿಂದಿನ ಮಾಲೀಕರು ಬಣ್ಣ ಹೊಡೆಸಿದ್ದಾರೆ, ಅದರ ಮೇಲೆ ಪಟ್ಟೆಯೇ ಇಲ್ಲ.

ಕೆಳಗಡೆ ಬಾಗಿಲು ಮತ್ತು ಫೆಂಡರ್‌ಗೆ ಪ್ಲಾಸ್ಟಿಕ್ ಕ್ಲ್ಯಾಡಿಂಗ್, ಅಂದರೆ ತಗಡಿನ ಮೇಲೆ ಕೂರಿಸುವ ಹೊದಿಕೆ, ಇದೆ. ಎರಡು ತುಂಡು ಸ್ಕ್ರೂ ಹತ್ತಿರ ಸೀಳಿವೆ, ಹಿಂದಿನ ಚಕ್ರದ ಮುಂದಿನ ಒಂದು ತುಂಡು ಇಲ್ಲವೇ ಇಲ್ಲ. ಕ್ಲಿಪ್ಪುಗಳಲ್ಲಿ ಅರ್ಧ ಮುರಿದಿವೆ. ಮುಂದಿನ ಚಕ್ರದ ಹಿಂದೆ, ಬಾಗಿಲ ಕೆಳಗಿನ ಸಿಲ್‌ನಲ್ಲಿ ಕಲ್ಲು ಬಡಿದು ಬಣ್ಣ ಎದ್ದ ಗುರುತುಗಳು, ಎರಡು ಕಡೆ ಬಣ್ಣದಡಿ ತುಕ್ಕಿನ ಗುಳ್ಳೆ.

ಡೀಲರ್ ಕೌಂಟರ್‌ನಲ್ಲಿ ಪಟ್ಟೆ ಸಿಗುವುದಿಲ್ಲ, ತಯಾರಿಕೆ ನಿಂತಿದೆ ಎಂಬ ಉತ್ತರ. ಹಾಗಾಗಿ ನನ್ನ ಪ್ರಶ್ನೆಗಳು: ಪಟ್ಟೆ ಹುಡುಕುವುದೇ, ಮಾಡಿಸುವುದೇ? ಮಾಡಿಸಿದರೆ ಅಂಗಡಿಯವರಿಗೆ ಯಾವ ವಿನೈಲ್ (ಸ್ಟಿಕರ್ ಮಾಡುವ ಪ್ಲಾಸ್ಟಿಕ್ ಹಾಳೆ) ಹೇಳಬೇಕು? ಕ್ಲ್ಯಾಡಿಂಗ್ ಮತ್ತೆ ಹಾಕಬೇಕೇ ಅಥವಾ ತೆಗೆದುಹಾಕಿ ದಪ್ಪ ಕೋಟಿಂಗ್ ಹೊಡೆಯಬೇಕೇ? ಯಾವ ಕೆಲಸ ಮೊದಲು?

ಪಾರ್ಟ್‌ಕೌಂಟರ್ ಉತ್ತರ:

ಸರ್, ಮೊದಲ ಮಾತು: ಹಳೆಯ ಪಟ್ಟೆಯನ್ನು ಈಗಲೇ ಕೀಳಬೇಡಿ. ಅದು ಎಷ್ಟೇ ಹಾಳಾಗಿರಲಿ, ಗಾಡಿಯ ಮೇಲಿರುವಷ್ಟು ದಿನ ಅಸಲಿ ಅಳತೆ ನಿಮ್ಮ ಹತ್ತಿರ ಇದೆ. ಕಿತ್ತು ಬಣ್ಣ ಹೊಡೆಸಿದ ಮೇಲೆ ಫೋಟೋ ನೋಡಿ ಅಂದಾಜಿನಲ್ಲಿ ಮಾಡಿಸಿದ ಪಟ್ಟೆ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹೋಗುವಾಗ ಮೆಟ್ಟಿಲು ಬೀಳುವುದು ಖಂಡಿತ.

ಹುಡುಕುವ ಬಗ್ಗೆ. ಡೀಲರ್ "ಇಲ್ಲ" ಎಂದದ್ದನ್ನು ಅಲ್ಲಿಗೇ ಬಿಡಬೇಡಿ, ಭಾಗಸಂಖ್ಯೆ ಕೇಳಿ ಬರೆದುಕೊಳ್ಳಿ. ಗಾಡಿಯ 17 ಅಕ್ಷರದ ವಿಐಎನ್ (ಗಾಡಿಯ ಗುರುತು ಸಂಖ್ಯೆ) ಮತ್ತು ಬಾಡಿ ಪ್ಲೇಟ್ ಮೇಲಿನ ಬಣ್ಣ ಹಾಗೂ ಟ್ರಿಮ್ ಕೋಡ್ ಕೊಟ್ಟರೆ ಪಾರ್ಟ್ಸ್ ಕ್ಯಾಟಲಾಗ್‌ನಲ್ಲಿ ಬಾಡಿಯ ಫಲಕ ಫಲಕಕ್ಕೂ (ಬಾಗಿಲು, ಫೆಂಡರ್ ಹೀಗೆ) ಬೇರೆ ಸಂಖ್ಯೆ ಬರುತ್ತದೆ, ಎಡಕ್ಕೊಂದು ಬಲಕ್ಕೊಂದು. ಹೆಸರು ಕಂಪನಿಯಿಂದ ಕಂಪನಿಗೆ ಬದಲು: ಡೆಕಾಲ್ ಅನ್ನು ಸ್ಟ್ರೈಪ್, ಟೇಪ್, ಮಾರ್ಕ್ ಎಂದೂ, ಕ್ಲ್ಯಾಡಿಂಗ್ ಅನ್ನು ಮೋಲ್ಡಿಂಗ್, ಗಾರ್ನಿಶ್, ಪ್ರೊಟೆಕ್ಟರ್ ಎಂದೂ ಬರೆದಿರುತ್ತಾರೆ. ಹೆಸರಿನಿಂದ ಹುಡುಕಿದರೆ ಸಿಗದ್ದು ಸಂಖ್ಯೆಯಿಂದ ಸಿಗುತ್ತದೆ. ಸಂಖ್ಯೆಯನ್ನು ನಡುಗೆರೆ ಇಟ್ಟು ಒಮ್ಮೆ, ಇಡದೆ ಒಮ್ಮೆ ಹುಡುಕಿ. ಟೊಯೋಟಾ ಸಂಖ್ಯೆಯಾದರೆ ಮೊದಲ 5 ಅಂಕಿ ಭಾಗದ ಬಗೆ, ಮುಂದಿನ 5 ಮಾದರಿ ಮತ್ತು ರೂಪ, ಕೊನೆಯ ಎರಡು ಅಕ್ಷರ ಬಣ್ಣ. ಕ್ಲ್ಯಾಡಿಂಗ್‌ಗೆ ಈ ಕೊನೆಯ ಎರಡು ಅಕ್ಷರ ಬಿಟ್ಟು ಹುಡುಕಿ. ಬೇರೆ ಬಣ್ಣದ್ದು ಸಿಕ್ಕರೂ ಅಚ್ಚು ಅದೇ, ಬಣ್ಣ ಹೊಡೆದರಾಯಿತು. ಸಂಖ್ಯೆ ಹಳತಾಗಿ ಹೊಸ ಸಂಖ್ಯೆಗೆ ಬದಲಾಗಿದೆಯೇ ಎಂಬುದನ್ನೂ ಕೇಳಿ. ಕೆಲವು ಸಲ "ನಿಂತಿದೆ" ಎನ್ನುವುದು ಹಳೆಯ ಸಂಖ್ಯೆ ಮಾತ್ರ.

ಎಲ್ಲಾದರೂ ಪ್ಯಾಕೆಟ್ ಒಡೆಯದ ಹಳೆಯ ಸ್ಟಾಕ್ ಪಟ್ಟೆ ಸಿಕ್ಕಿತು ಅಂದುಕೊಳ್ಳಿ. ಅಂಟಿಸಿ ಓಡಾಡಲು ಅದನ್ನು ನಂಬಬೇಡಿ. ವಿನೈಲ್ ತಯಾರಕರು ತಮ್ಮ ರೋಲ್‌ಗೆ ಕೊಡುವ ಶೇಖರಣಾ ಅವಧಿಯೇ ಎರಡು-ಮೂರು ವರ್ಷ. ಇಪ್ಪತ್ತು ವರ್ಷ ಗೋದಾಮಿನಲ್ಲಿದ್ದ ಪಟ್ಟೆಯ ಅಂಟು ಗಟ್ಟಿಯಾಗಿರುತ್ತದೆ, ಹಿಂದಿನ ಕಾಗದ ಬಿಡುವುದಿಲ್ಲ, ಅಂಟಿಸುವವರೆಗೆ ಪಟ್ಟೆಯನ್ನು ಹಿಡಿದಿಡುವ ಮೇಲಿನ ಟ್ರಾನ್ಸ್‌ಫರ್ ಟೇಪ್ ಬಣ್ಣಕ್ಕೇ ಕಚ್ಚಿಕೊಂಡಿರುತ್ತದೆ. ಬಿಸಿ ಮಾಡಿ ಬಿಡಿಸಿದರೂ ಅಂಚು ಕೂರುವುದಿಲ್ಲ. ಅಂಥದ್ದು ಸಿಕ್ಕರೆ ನಕಲು ತೆಗೆಯುವ ಮೂಲಪ್ರತಿಯಾಗಿ ಬಹಳ ಬೆಲೆಯುಳ್ಳದ್ದು: ಬಣ್ಣ ಮಾಸಿಲ್ಲ, ಅಳತೆ ಖಚಿತ. ಸ್ಕ್ಯಾನ್ ಮಾಡಿಸಿ ಹೊಸ ವಿನೈಲ್‌ನಲ್ಲಿ ಕತ್ತರಿಸಿ.

ನಿಮಗೆ ಎಡಪಕ್ಕ ಪೂರ್ತಿ ಇದೆ, ಅಷ್ಟು ಸಾಕು. ಗಾಡಿಯನ್ನು ಸೋಪುನೀರಿನಲ್ಲಿ ತೊಳೆದು ಒಣಗಿಸಿ. ಟ್ರೇಸ್ ತೆಗೆಯಲು ಬೆಣ್ಣೆಕಾಗದ ಬೇಡ, ತೇವಕ್ಕೆ ಹಿಗ್ಗುತ್ತದೆ. ಡ್ರಾಯಿಂಗ್‌ಗೆ ಬಳಸುವ ಪಾಲಿಯೆಸ್ಟರ್ ಹಾಳೆ ತನ್ನಿ. ಹಾಳೆಯನ್ನು ಫಲಕದ ಮೇಲೆ ಸುಕ್ಕಿಲ್ಲದಂತೆ ಟೇಪ್ ಹಾಕಿ ಬಿಗಿದು, ಮೆತ್ತನೆ ಪೆನ್ಸಿಲ್ ಅನ್ನು ಮಲಗಿಸಿ ಅಂಚಿನ ಮೇಲೆ ಉಜ್ಜಿದರೆ ಪಟ್ಟೆಯ ಉಬ್ಬು ಗೆರೆಯಾಗಿ ಮೂಡುತ್ತದೆ. ಅದರ ಮೇಲೆ ತೆಳ್ಳನೆ ಮಾರ್ಕರ್. ಪಟ್ಟೆ ಮಾತ್ರ ಎಳೆದರೆ ಸಾಲದು. ಬಾಗಿಲಿನ ಎರಡೂ ಅಂಚು, ಹಿಡಿಕೆಯ ಕೆಳಗೆರೆ, ಬಾಡಿಯ ಉದ್ದ ಮಡಿಕೆ, ಕ್ಲ್ಯಾಡಿಂಗ್‌ನ ಮೇಲಂಚು, ಇವನ್ನೂ ಅದೇ ಹಾಳೆಯಲ್ಲಿ ಗುರುತಿಸಿ. ಪ್ರತಿ ಹಾಳೆ ಮೇಲೆ "ಎಡ ಮುಂಬಾಗಿಲು, ಈ ಕಡೆ ಮುಂದೆ, ಹೊರಮೈ" ಎಂದು ಬರೆಯಿರಿ. ಇದಿಲ್ಲದೆ ಅಂಗಡಿಯಲ್ಲಿ ತಿರುವುಮುರುವು ಕತ್ತರಿಸುವುದು ಮಾಮೂಲು.

ಬಲಪಕ್ಕಕ್ಕೆ ಎಡದ ಹಾಳೆಯನ್ನು ಮಗುಚಿ ಇಟ್ಟು ಪರೀಕ್ಷಿಸಿ. ಪಟ್ಟೆ ಕನ್ನಡಿ ಪ್ರತಿಬಿಂಬವಾಗುತ್ತದೆ, ಅಕ್ಷರ ಆಗುವುದಿಲ್ಲ. ಇಂಧನದ ಮುಚ್ಚಳ ಒಂದೇ ಪಕ್ಕ ಇರುವುದರಿಂದ ಆ ಫಲಕದ ಪಟ್ಟೆ ಬೇರೆಯೇ ತುಂಡುಗಳಲ್ಲಿರುತ್ತದೆ. ಬಣ್ಣ ಹೊಡೆದ ಬಾಗಿಲಿನ ಮೇಲೂ ಟಾರ್ಚ್ ಅನ್ನು ಫಲಕಕ್ಕೆ ತೀರ ಓರೆಯಾಗಿ ಹಿಡಿದು ನೋಡಿ, ಪಟ್ಟೆ ಕೀಳದೆ ಅಥವಾ ಅಂಚು ತಿಕ್ಕದೆ ಬಣ್ಣ ಹೊಡೆದಿದ್ದರೆ ಹಳೆಯ ಗೆರೆ ಕಾಣುತ್ತದೆ.

ಫೋಟೋ ತೆಗೆಯುವಾಗ 4-5 ಮೀಟರ್ ದೂರ ನಿಂತು ಜೂಮ್ ಮಾಡಿ, ಲೆನ್ಸ್ ಪಟ್ಟೆಯ ಎತ್ತರದಲ್ಲೇ ಇರಲಿ. ಹತ್ತಿರದಿಂದ ತೆಗೆದರೆ ತುದಿಗಳು ಬಾಗುತ್ತವೆ. ಒಂದು ಉಕ್ಕಿನ ಸ್ಕೇಲ್ ಅನ್ನು ಫಲಕಕ್ಕೆ ಅಂಟಿಸಿ ಚಿತ್ರದೊಳಗೇ ಇರಿಸಿ.

ಬಣ್ಣದ ಮಾದರಿಯನ್ನು ಬಿಸಿಲು ಕಂಡ ಜಾಗದಿಂದ ತೆಗೆಯಬೇಡಿ. ಪಟ್ಟೆ ಬಾಗಿಲಿನ ಅಂಚಿನಲ್ಲಿ ಒಳಕ್ಕೆ ಮಡಿಚಿದ್ದರೆ ಆ ಮಡಿಕೆಯಲ್ಲಿ ಮೂಲ ಕೆಂಪು ಉಳಿದಿರುತ್ತದೆ. ವಿನೈಲ್ ಕಂಪನಿಯ ಶೇಡ್‌ಕಾರ್ಡನ್ನು ಅಲ್ಲಿಟ್ಟು, ಹಗಲಿನ ನೆರಳಿನಲ್ಲಿ ಹೋಲಿಸಿ.

ವಿನೈಲ್‌ಕತ್ತರಿ ಉತ್ತರ:

ಮೇಲಿನವರು ಅಳತೆ ವಿಷಯ ಸರಿಯಾಗಿ ಹೇಳಿದ್ದಾರೆ. ನಾನು ಫಿಲ್ಮ್ ಮತ್ತು ಅಂಟಿಸುವುದರ ಬಗ್ಗೆ ಹೇಳುತ್ತೇನೆ.

ಅಂಗಡಿಯವರಿಗೆ ಒಂದೇ ಪದ ಹೇಳಿ: ಕ್ಯಾಸ್ಟ್. ಕ್ಯಾಸ್ಟ್ ವಿನೈಲ್ ಅನ್ನು ದ್ರವರೂಪದ ಪಿವಿಸಿಯನ್ನು ಹಾಳೆಯ ಮೇಲೆ ಹರಡಿ ಒಲೆಯಲ್ಲಿ ಗಟ್ಟಿ ಮಾಡಿ ತಯಾರಿಸುತ್ತಾರೆ. ದಪ್ಪ ಸುಮಾರು 50 ಮೈಕ್ರಾನ್. ಎಳೆದು ಮಾಡಿದ್ದಲ್ಲವಾದ್ದರಿಂದ ಕುಗ್ಗುವ ಒತ್ತಡ ಅದರೊಳಗೆ ಬಹಳ ಕಡಿಮೆ. ಕ್ಯಾಲೆಂಡರ್ಡ್ ವಿನೈಲ್ ಅನ್ನು ಬಿಸಿ ರೋಲರ್‌ಗಳ ನಡುವೆ ಎಳೆದು ತೆಳುವಾಗಿಸುತ್ತಾರೆ, ದಪ್ಪ 70ರಿಂದ 100 ಮೈಕ್ರಾನ್. ಬಿಸಿಲಿನಲ್ಲಿ ಕಾದಾಗಲೆಲ್ಲ ಅದು ಮೂಲ ಅಳತೆಗೆ ಮರಳಲು ನೋಡುತ್ತದೆ. ಅಂಚು ಒಳಕ್ಕೆ ಸರಿದು, ಹೊರಗೆ ಅಂಟಿನ ಗೆರೆ ಉಳಿದು, ಅದಕ್ಕೆ ದೂಳು ಹತ್ತಿ ಪಟ್ಟೆಯ ಸುತ್ತ ಕಪ್ಪು ಅಂಚು ಕಟ್ಟಿದಂತೆ ಕಾಣುವುದು ಇದರಿಂದಲೇ. ಉದಾಹರಣೆಗೆ ಓರಾಕಲ್ ಸರಣಿಯಲ್ಲಿ 651 ಕ್ಯಾಲೆಂಡರ್ಡ್, 751 ಮತ್ತು 951 ಕ್ಯಾಸ್ಟ್. ಸ್ಟಿಕರ್ ಅಂಗಡಿಗಳಲ್ಲಿ ರೆಡಿ ಇರುವುದು ಹೆಚ್ಚಾಗಿ 651ರ ದರ್ಜೆಯದು. ಬೋರ್ಡ್, ಗಾಜಿಗೆ ಅದು ಸಾಕು. ಉಬ್ಬುತಗ್ಗಿನ ಬಾಗಿಲಿಗೆ ಸಾಲದು.

ನಿಮ್ಮ ಪಟ್ಟೆಯ ಪ್ರತಿ ಬಣ್ಣವೂ ಉದ್ದಕ್ಕೂ ಒಂದೇ ಛಾಯೆಯದು, ಒಂದರೊಳಗೊಂದು ಕರಗುವುದಿಲ್ಲ. ಹಾಗಿದ್ದ ಮೇಲೆ ಮುದ್ರಣ ಬೇಡವೇ ಬೇಡ. ಬಣ್ಣದ ಫಿಲ್ಮನ್ನೇ ಪ್ಲಾಟರ್‌ನಲ್ಲಿ (ಕಂಪ್ಯೂಟರ್ ಫೈಲ್ ನೋಡಿ ಕತ್ತರಿಸುವ ಯಂತ್ರ) ಕತ್ತರಿಸಿ. ಆ ಬಣ್ಣ ಫಿಲ್ಮಿನ ಪೂರ್ತಿ ದಪ್ಪದಲ್ಲೂ ಬೆರೆತಿರುತ್ತದೆ, ಮುದ್ರಿಸಿದ ಶಾಯಿಯಷ್ಟು ಬೇಗ ಮಾಸುವುದಿಲ್ಲ. ಚುಕ್ಕಿಚುಕ್ಕಿಯಾಗಿ ಕರಗುವ ಪಟ್ಟೆಯಿದ್ದವರಿಗೆ ಮಾತ್ರ ಮುದ್ರಣ ಅನಿವಾರ್ಯ. ಆಗ ಕ್ಯಾಸ್ಟ್ ಫಿಲ್ಮ್, ಅದರ ಮೇಲೆ ಯುವಿ ತಡೆಯುವ ಕ್ಯಾಸ್ಟ್ ಲ್ಯಾಮಿನೇಟ್, ಅಂದರೆ ಪಾರದರ್ಶಕ ಹೊದಿಕೆ ಫಿಲ್ಮ್. ಲ್ಯಾಮಿನೇಟ್ ಕ್ಯಾಲೆಂಡರ್ಡ್ ಆದರೆ ಅದೇ ಕುಗ್ಗಿ ಕೆಳಗಿನದನ್ನೂ ಎಳೆದುಕೊಂಡು ಹೋಗುತ್ತದೆ.

ಬೆಳ್ಳಿ ಫಿಲ್ಮಿನಲ್ಲಿ ಲೋಹದ ಕಣಗಳಿಗೆ ದಿಕ್ಕಿದೆ. ವಿನೈಲ್ ಉಳಿಸಲೆಂದು ಒಂದು ತುಂಡನ್ನು ರೋಲಿನ ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಕತ್ತರಿಸಿದರೆ ಬಿಸಿಲಿನಲ್ಲಿ ಎರಡು ಬಾಗಿಲು ಎರಡು ಬೆಳ್ಳಿಯಾಗಿ ಹೊಳೆಯುತ್ತವೆ. ಎಲ್ಲ ತುಂಡೂ ಒಂದೇ ದಿಕ್ಕಿನಲ್ಲಿ, ಒಂದೇ ರೋಲಿನಿಂದ. ಚೂಪು ತುದಿಗಳಿಗೆ ಫೈಲಿನಲ್ಲೇ 1.5-2 ಮಿ.ಮೀ. ದುಂಡು ಕೊಡಿಸಿ, ಸೂಜಿಯಂಥ ತುದಿ ತೊಳೆಯುವಾಗ ಮೊದಲು ಏಳುವುದು. ಬಣ್ಣದ ಪಕ್ಕ ಬಣ್ಣವನ್ನು ಅಂಚಿಗೆ ಅಂಚು ಕೂಡಿಸಬೇಡಿ, ಬಿರುಕು ತೆರೆದುಕೊಳ್ಳುತ್ತದೆ. ಹೆಂಚು ಹೊದಿಸಿದ ಹಾಗೆ ಕೆಳಗಿನ ಕೆಂಪು ಮೊದಲು, ಅದರ ಮೇಲಂಚನ್ನು 1 ಮಿ.ಮೀ. ಮುಚ್ಚುವಂತೆ ಬೆಳ್ಳಿ, ಅದರ ಮೇಲೆ ಬೂದು. ನೀರು ಜಾರಿಹೋಗುತ್ತದೆ, ಜೋಡಣೆಯೊಳಗೆ ಹೋಗುವುದಿಲ್ಲ.

ಹಳೆಯದನ್ನು ಕೀಳುವುದು: ಫಲಕ 50-60 ಡಿಗ್ರಿ ಸೆಲ್ಸಿಯಸ್‌ಗೆ ಬರಲಿ, ಅಂದರೆ ಅಂಗೈ ಇಟ್ಟರೆ ಹೆಚ್ಚು ಹೊತ್ತು ಇಡಲಾಗದಷ್ಟು. ಹೀಟ್ ಗನ್ ಒಂದೇ ಕಡೆ ನಿಲ್ಲಬಾರದು. ಫಿಲ್ಮನ್ನು ಮೇಲಕ್ಕೆ ಎತ್ತದೆ, ಫಲಕಕ್ಕೆ ಹತ್ತಿರವಾಗಿ ಹಿಂದಕ್ಕೆ ಮಡಿಚಿ ನಿಧಾನವಾಗಿ ಎಳೆಯಿರಿ. ನಿಮ್ಮ ಬಿಸಿಲಪಕ್ಕದ್ದು ಹೀಗೆ ಬರುವುದಿಲ್ಲ, ಪುಡಿಯಾಗುತ್ತದೆ. ಅದಕ್ಕೆ ಡ್ರಿಲ್‌ಗೆ ಹಾಕುವ ರಬ್ಬರ್ ಚಕ್ರ ಬೇಕು. ಚಕ್ರದ ಮೇಲೆ ಬರೆದಿರುವ ಗರಿಷ್ಠ ವೇಗ ಮೀರಬೇಡಿ. ಮೆಲ್ಲಗೆ ಒತ್ತಿ, ಕೈ ಸರಿಸುತ್ತಲೇ ಇರಿ. ಒಂದೇ ಕಡೆ ಎರಡು ಕ್ಷಣ ಹೆಚ್ಚು ನಿಂತರೂ ಬಣ್ಣ ಸುಟ್ಟು ಮಬ್ಬಾಗುತ್ತದೆ. ಫಲಕದ ಚೂಪು ಅಂಚು, ಪ್ಲಾಸ್ಟಿಕ್ ಭಾಗಗಳ ಮೇಲೆ ಈ ಚಕ್ರ ಬೇಡ. ಉಕ್ಕಿನ ಬ್ಲೇಡ್ ಎಲ್ಲಿಯೂ ಬೇಡ, ಪ್ಲಾಸ್ಟಿಕ್ ಬ್ಲೇಡ್ ಸಾಕು.

ಅಂಟು ತೆಗೆಯಲು ಸಿಟ್ರಸ್ ಆಧಾರಿತ ರಿಮೂವರ್ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿ. ಪೇಂಟ್ ಥಿನ್ನರ್ ಮುಟ್ಟಬೇಡಿ, ಅದರಲ್ಲೂ ಬಣ್ಣ ಹೊಡೆಸಿದ ಬಲಬಾಗಿಲಿಗೆ. ಆ ಬಣ್ಣ ಹಾರ್ಡನರ್ (ಗಟ್ಟಿಯಾಗಿಸಲು ಬೆರೆಸುವ ದ್ರವ) ಇಲ್ಲದ ಅಗ್ಗದ ಬಗೆಯದೇ ಎಂದು ತಿಳಿಯಲು ಬಾಗಿಲಿನ ಒಳಮಡಿಕೆಯಲ್ಲಿ ಬಿಳಿ ಬಟ್ಟೆಗೆ ಒಂದು ಹನಿ ಥಿನ್ನರ್ ಹಾಕಿ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅದು ಗಟ್ಟಿಯಾಗದ ಬಣ್ಣ. ಅದರ ಮೇಲೆ ವಿನೈಲ್ ಅಂಟಿಸಿದರೆ ಮುಂದೊಂದು ದಿನ ಕೀಳುವಾಗ ಬಣ್ಣವೂ ಜೊತೆಗೆ ಬರುತ್ತದೆ.

ಪಟ್ಟೆ ಎದ್ದ ಜಾಗದಲ್ಲಿ ಅದರ ನೆರಳು ಉಳಿಯುತ್ತದೆ, ಯಾಕೆಂದರೆ ಕೆಳಗಿದ್ದ ಬಣ್ಣ ಮಾಸಿಲ್ಲ, ಸುತ್ತಲಿನದು ಮಾಸಿದೆ. ಕಾಂಪೌಂಡ್ ಹಾಕಿ ಪಾಲಿಶ್ ಮಾಡಿದರೆ ವ್ಯತ್ಯಾಸ ತಗ್ಗುತ್ತದೆ, ಪೂರ್ತಿ ಹೋಗುವುದು ಅಪರೂಪ. ಬಣ್ಣದ ಮೇಲಿನ ಪಾರದರ್ಶಕ ಪದರ, ಹಳೆಯ ಕ್ಲಿಯರ್‌ಕೋಟ್, ತೆಳ್ಳಗಾಗಿರುವುದರಿಂದ ಹಟ ಹಿಡಿದು ತಿಕ್ಕಬೇಡಿ. ಹೊಸ ಪಟ್ಟೆಯ ಹೊರ ಅಂಚನ್ನು ಎಲ್ಲ ಕಡೆ 1 ಮಿ.ಮೀ. ಹಿಗ್ಗಿಸಿ ಕತ್ತರಿಸಿದರೆ ಆ ನೆರಳು ಅಡಿಯಲ್ಲಿ ಮುಚ್ಚಿಹೋಗುತ್ತದೆ. ಕಣ್ಣಿಗೆ ಅಳತೆಯ ವ್ಯತ್ಯಾಸ ತಿಳಿಯುವುದೇ ಇಲ್ಲ. ಇದನ್ನು ಫೈಲ್ ಮಾಡುವ ಹಂತದಲ್ಲೇ ಹೇಳಿ.

ಅಂಟಿಸುವ ದಿನ ಫಲಕವೂ ಗಾಳಿಯೂ 15ರಿಂದ 25 ಡಿಗ್ರಿ ಇದ್ದರೆ ಉತ್ತಮ. ಕಾದ ಫಲಕಕ್ಕೆ ಅಂಟು ಮುಟ್ಟಿದ ಕೂಡಲೇ ಕಚ್ಚುತ್ತದೆ, ಸರಿಸಲು ಆಗುವುದಿಲ್ಲ. 10ಕ್ಕಿಂತ ಕೆಳಗೆ ಕಚ್ಚುವುದೇ ಇಲ್ಲ. ಮೊದಲು ತೊಳೆಯಿರಿ, ಆಮೇಲೆ ಎರಡು ಬಟ್ಟೆ ಹಿಡಿದು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ: ಒಂದರಿಂದ ಹಚ್ಚಿ, ಆರುವ ಮೊದಲೇ ಇನ್ನೊಂದರಿಂದ ತೆಗೆಯಿರಿ. ಆರಲು ಬಿಟ್ಟರೆ ಮೇಣ ಮತ್ತೆ ಅಲ್ಲೇ ಕೂರುತ್ತದೆ. ಟೈರ್‌ಗೆ, ಪ್ಲಾಸ್ಟಿಕ್‌ಗೆ ಹಚ್ಚುವ ಸಿಲಿಕೋನ್ ಪಾಲಿಶ್ ಆ ವಾರ ಗಾಡಿಯ ಹತ್ತಿರ ಬರಬಾರದು.

ಒದ್ದೆಯೋ ಒಣದೋ ಎಂಬುದು ಫಿಲ್ಮಿನ ಮೇಲೆ. ಗಾಳಿ ಹೊರಹೋಗಲು ಅಂಟಿನಲ್ಲಿ ಸಣ್ಣ ತೋಡು ಕೊರೆದ ಬಗೆಯನ್ನು ಒಣಗಿಸಿಯೇ ಅಂಟಿಸಬೇಕು, ನೀರು ಆ ತೋಡುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮಾಮೂಲು ಅಂಟಿನ ಫಿಲ್ಮಿಗೆ 1 ಲೀಟರ್ ನೀರಿಗೆ ಎರಡು-ಮೂರು ಹನಿ ಬೇಬಿ ಶಾಂಪೂ ಸಾಕು. ಹೆಚ್ಚಾದರೆ ಅಂಟು ಹಿಡಿಯುವುದು ತಡ. ಪಟ್ಟೆಯನ್ನು ಹಿಂದಿನ ಕಾಗದದ ಸಮೇತ ಫಲಕಕ್ಕೆ ಟೇಪ್ ಹಾಕಿ ಕೂರಿಸಿ. ಮುಂದಿನ ಫೆಂಡರ್‌ನಿಂದ ಹಿಂದಿನ ಫೆಂಡರ್‌ವರೆಗೆ ಎಲ್ಲ ತುಂಡೂ ಹೀಗೆ ತೂಗಲಿ. ದೂರ ಹೋಗಿ ನೋಡಿ, ಗೆರೆ ಒಂದಾದ ಮೇಲೆ ಮಾತ್ರ ಮುಂದಿನ ಹೆಜ್ಜೆ. ಪ್ರತಿ ತುಂಡಿನ ನಡುವೆ ಮಾಸ್ಕಿಂಗ್ ಟೇಪ್‌ನ ನಿಲುವು ಪಟ್ಟಿ ಹಾಕಿ ಅದನ್ನು ಕೀಲಾಗಿಸಿ, ಅರ್ಧ ಕಾಗದ ಬಿಡಿಸಿ ಕತ್ತರಿಸಿ, ಫೆಲ್ಟ್ ಅಂಚಿನ ಸ್ಕ್ವೀಜಿಯಿಂದ (ಒತ್ತುವ ಪ್ಲಾಸ್ಟಿಕ್ ಪಟ್ಟಿ) ನಡುವಿನಿಂದ ಹೊರಕ್ಕೆ ಒತ್ತಿ, ನಂತರ ಇನ್ನರ್ಧ. ಟ್ರಾನ್ಸ್‌ಫರ್ ಟೇಪ್ ಅನ್ನು ಪೂರ್ತಿ ಹಿಂದಕ್ಕೆ ಮಡಿಚಿ ನಿಧಾನವಾಗಿ ಎಳೆಯಿರಿ. ಗುಳ್ಳೆ ಉಳಿದರೆ ಸೂಜಿಯಿಂದ ಅಂಚಿನ ಹತ್ತಿರ ಒಂದು ಚುಚ್ಚು, ಬ್ಲೇಡಿನ ಸೀಳು ಬೇಡ.

ಬಾಗಿಲ ಅಂಚಿನಲ್ಲಿ ಎರಡೇ ದಾರಿ. ಒಂದೋ ಅಂಚಿಗೆ 2 ಮಿ.ಮೀ. ಮೊದಲೇ ನಿಲ್ಲಿಸಿ, ಇಲ್ಲವೋ 8-10 ಮಿ.ಮೀ. ಒಳಮೈಗೆ ಪೂರ್ತಿ ಮಡಿಚಿ. ಅಂಚಿನ ಮೇಲೆಯೇ ಮುಗಿಸಿದ ಪಟ್ಟೆ ಬಾಗಿಲು ತೆರೆದು ಮುಚ್ಚುವಾಗಲೇ ಏಳಲು ಶುರುವಾಗುತ್ತದೆ.

ಟಿಂಕರಿಂಗ್‌ಶೆಡ್ ಉತ್ತರ:

ಕ್ರಮ ಹೇಳುತ್ತೇನೆ: ಟ್ರೇಸ್, ಕ್ಲ್ಯಾಡಿಂಗ್ ಬಿಚ್ಚುವುದು, ತುಕ್ಕು, ಬಣ್ಣ, ಕಾಯುವುದು, ಕ್ಲ್ಯಾಡಿಂಗ್, ಪಟ್ಟೆ. ನಿಮ್ಮ ಗಾಡಿಗೆ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಪಟ್ಟೆಯದಲ್ಲ, ಆ ಎರಡು ಗುಳ್ಳೆಗಳದು. ಹೊರಗೆ ಬೆರಳುಗುರಿನಷ್ಟು ಗುಳ್ಳೆ ಕಂಡರೆ ಒಳಗೆ ಅದಕ್ಕಿಂತ ದೊಡ್ಡ ತುಕ್ಕಿರುವುದೇ ಹೆಚ್ಚು, ಯಾಕೆಂದರೆ ಸಿಲ್ ಟೊಳ್ಳು ಪೆಟ್ಟಿಗೆ, ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ.

ಕ್ಲ್ಯಾಡಿಂಗ್ ಅಷ್ಟನ್ನೂ ಬಿಚ್ಚಿ, ಚೆನ್ನಾಗಿರುವ ತುಂಡುಗಳನ್ನೂ ಸೇರಿಸಿ. ಅದರ ಮೇಲಂಚಿನಲ್ಲಿ ಇಳಿದ ನೀರು, ಕೆಳಗಿನಿಂದ ಸಿಡಿದ ಕೆಸರು ಹಿಂದುಗಡೆ ಸೇರಿ ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ. ಕ್ಲಿಪ್ಪಿನ ತೂತು ಮತ್ತು ಕೆಳ ಅಂಚಿನ ಬೆಸುಗೆ ಮಡಿಕೆ, ಇವೆರಡೇ ಮೊದಲು ತುಕ್ಕು ಹಿಡಿಯುವ ಜಾಗ. ಸ್ಕ್ರೂಡ್ರೈವರ್ ತುದಿಯಿಂದ ಸಿಲ್‌ನ ಉದ್ದಕ್ಕೂ ಗಟ್ಟಿಯಾಗಿ ಒತ್ತಿ. ಒಳಕ್ಕೆ ಹೋದರೆ ಅಲ್ಲಿ ತಗಡು ಕತ್ತರಿಸಿ ಹೊಸ ತುಂಡು ಬೆಸೆಯಬೇಕು. ಪುಟ್ಟಿ, ಫೈಬರ್, ಬಲೆ ಯಾವುದೂ ಅಲ್ಲಿ ನಿಲ್ಲುವುದಿಲ್ಲ. ಚಾಸಿ ಗಾಡಿಯಲ್ಲಿ ಚಾಸಿಗೂ ಬಾಡಿಗೂ ನಡುವಿನ ಬಾಡಿ ಮೌಂಟ್ ರಬ್ಬರ್ ಕೂರುವ ಸ್ಥಳಗಳನ್ನೂ ಇದೇ ಹೊತ್ತಿಗೆ ನೋಡಿ. ಬಾಗಿಲ ಕೆಳಗಿನ ಮತ್ತು ಸಿಲ್‌ನ ನೀರು ಹೋಗುವ ತೂತುಗಳನ್ನು ತಂತಿ ಹಾಕಿ ಬಿಡಿಸಿ. ಅವು ಮುಚ್ಚಿದ್ದರೆ ಉಳಿದ ಕೆಲಸವೆಲ್ಲ ವ್ಯರ್ಥ.

ತಗಡು ಗಟ್ಟಿಯಿದ್ದರೆ ವೈರ್ ವೀಲ್‌ನಲ್ಲಿ ಹೊಳೆಯುವ ಲೋಹ ಬರುವವರೆಗೆ ಉಜ್ಜಿ. ಕುಳಿಯಲ್ಲಿ ಉಳಿದ ಕರಿಚುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿ, ಡಬ್ಬಿಯ ಮೇಲಿನ ಸಮಯ ನೋಡಿ ತೊಳೆದು ಪೂರ್ತಿ ಒಣಗಿಸಿ. ಆಮ್ಲ ಉಳಿದರೆ ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ. ಆಮೇಲೆ ಎರಡು ಕೈ ಎಪಾಕ್ಸಿ ಪ್ರೈಮರ್, ಬೆಸುಗೆ ಮಡಿಕೆಗಳ ಸಂದು ಮುಚ್ಚಲು ಸೀಮ್ ಸೀಲರ್, ಅದರ ಮೇಲೆ ಬಣ್ಣ ಹೊಡೆಯಲು ಬರುವ, ಕಲ್ಲೇಟು ತಡೆಯುವ ಸ್ಟೋನ್‌ಚಿಪ್ ಕೋಟಿಂಗ್, ಕೊನೆಗೆ ಬಣ್ಣ ಮತ್ತು ಕ್ಲಿಯರ್. ಎಲ್ಲ ಒಣಗಿದ ಮೇಲೆ ಸಿಲ್‌ನ ಒಳಗೆ, ಸುತ್ತಲೂ ಸಿಂಪಡಿಸುವ ಉದ್ದ ಕೊಳವೆಯ ನಾಜಲ್‌ನಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳಿನೊಳಗೆ ತುಕ್ಕು ತಡೆಯುವ ಮೇಣ). ಕೊಳವೆಯನ್ನು ತುದಿಯವರೆಗೆ ತೂರಿಸಿ, ಹಿಂದಕ್ಕೆ ಎಳೆಯುತ್ತ ಸಿಂಪಡಿಸಿ, ನೀರಿನ ತೂತಿನಿಂದ ವ್ಯಾಕ್ಸ್ ಹನಿಯುವುದನ್ನು ನೋಡಬೇಕು. ಹನಿದ ನಂತರ ತೂತನ್ನು ಮತ್ತೊಮ್ಮೆ ಬಿಡಿಸಿ.

ಕ್ಲ್ಯಾಡಿಂಗ್ ಬೇಕೇ ಕೋಟಿಂಗ್ ಸಾಕೇ? ನನ್ನ ಮತ ಎರಡೂ ಬೇಕು ಎಂದೇ. ತಗಡಿನ ಮೇಲೆ ಕೋಟಿಂಗ್, ಅದರ ಹೊರಗೆ ಕ್ಲ್ಯಾಡಿಂಗ್. ಕ್ಲ್ಯಾಡಿಂಗ್ ಬಿಟ್ಟುಬಿಟ್ಟರೆ ಎಲ್ಲ ತೂತುಗಳನ್ನೂ ಬೆಸೆದು ಮುಚ್ಚಬೇಕು, ಹಳೆಯ ಗಾಡಿಯ ತೆಳು ಬಾಗಿಲಿನಲ್ಲಿ ಅಷ್ಟು ಬೆಸುಗೆ ಹಾಕಿದರೆ ತಗಡು ಸೊಟ್ಟಗಾಗುತ್ತದೆ. ಬರೀ ರಬ್ಬರ್ ಬಿರಡೆ ಹಾಕಿ ಮುಚ್ಚಿದರೆ ನೋಡಲು ಚೆನ್ನಾಗಿರುವುದಿಲ್ಲ.

ಇಲ್ಲದ ತುಂಡಿಗೆ ಮೊದಲ ದಾರಿ ಗುಜರಿ. ಅಪಘಾತದ ಗಾಡಿಯಲ್ಲಿ ಹಿಂದಿನ ಚಕ್ರದ ಮುಂದಿನ ತುಂಡು ಉಳಿದಿರುವುದು ಸಾಧ್ಯ. ಬಿಚ್ಚುವಾಗ ಕ್ಲಿಪ್ಪು ಮುರಿಯಲಿ, ಅದನ್ನು ಹಿಡಿಯುವ ಹಿಂದಿನ ಗೂಡು ಮುರಿಯಬಾರದು. ಗೂಡಿನ ಪಕ್ಕದಲ್ಲೇ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಎತ್ತಿ, ತುದಿ ಹಿಡಿದು ಎಳೆಯಬೇಡಿ. ಫೈಬರ್‌ಗ್ಲಾಸ್ ನಕಲು ಸಿಕ್ಕರೆ ಅದು ಬಾಗುವುದಿಲ್ಲ ಎಂಬುದು ನೆನಪಿರಲಿ: ಬಾಗಿಲಿನ ಆಕಾರಕ್ಕೆ ಒತ್ತಿ ಸ್ಕ್ರೂ ಬಿಗಿದರೆ ಸ್ಕ್ರೂ ಸುತ್ತ ನಕ್ಷತ್ರದಂತೆ ಸೀಳುತ್ತದೆ. ಹಿಂದುಗಡೆ ತಿಕ್ಕಿ, ಒತ್ತದೆಯೇ ಕೂರುವಂತೆ ಮಾಡಿಕೊಂಡ ಮೇಲೆ ಸ್ಕ್ರೂ.

ಸೀಳಿದ ಎರಡನ್ನು ಬಿಸಾಡಬೇಡಿ. ಹಿಂಬದಿಯಲ್ಲಿ ಪ್ಲಾಸ್ಟಿಕ್ಕಿನ ಬಗೆ ಅಚ್ಚಾಗಿರುತ್ತದೆ. ಪಿಪಿ (ಪಾಲಿಪ್ರೊಪಿಲೀನ್) ಅಥವಾ ಪಿಪಿ+ಇಪಿಡಿಎಂ (ಅದಕ್ಕೆ ರಬ್ಬರ್ ಬೆರೆಸಿದ್ದು) ಎಂದಿದ್ದರೆ ಅದೇ ಬಗೆಯ ಕಡ್ಡಿಯಿಂದ ಬಿಸಿಗಾಳಿಯ ಬೆಸುಗೆ ಹಾಕಬೇಕು, ಮಾಮೂಲು ಅಂಟು ಹಿಡಿಯುವುದಿಲ್ಲ. ಎಬಿಎಸ್ ಎಂಬ ಗಡುಸು ಪ್ಲಾಸ್ಟಿಕ್ ಆದರೆ ಅಂಟಿಗೂ ಬಗ್ಗುತ್ತದೆ. ಸೀಳಿನ ತುದಿಯಲ್ಲಿ 3 ಮಿ.ಮೀ. ತೂತು ಕೊರೆದರೆ ಮುಂದೆ ಓಡುವುದಿಲ್ಲ. ಹಿಂದುಗಡೆ ಸ್ಟೇನ್‌ಲೆಸ್ ಬಲೆಯ ತುಂಡನ್ನು ಬಿಸಿ ಮಾಡಿ ಹುದುಗಿಸಿ, ಮುಂದುಗಡೆ ವಿ ಆಕಾರದ ತೋಡು ತೆಗೆದು ಕಡ್ಡಿ ತುಂಬಿ. ಪಿಪಿಗೆ ಬಣ್ಣ ಹೊಡೆಯುವುದಾದರೆ ಬಣ್ಣ ಹಿಡಿಯುವಂತೆ ಮಾಡುವ ಅಡ್ಹೀಶನ್ ಪ್ರಮೋಟರ್ ಮೊದಲು, ಇಲ್ಲವಾದರೆ ಬಣ್ಣ ಪದರವಾಗಿ ಸುಲಿಯುತ್ತದೆ.

ಸ್ಕ್ರೂ ಹತ್ತಿರವೇ ಏಕೆ ಸೀಳಿತು ಎಂಬುದು ತಿಳಿದರೆ ಮತ್ತೆ ಸೀಳುವುದಿಲ್ಲ. 1 ಮೀಟರ್ ಉದ್ದದ ಎಬಿಎಸ್ ತುಂಡು 40 ಡಿಗ್ರಿ ಬಿಸಿಯೇರಿದರೆ 3 ಮಿ.ಮೀ. ಅಥವಾ ಇನ್ನೂ ತುಸು ಹೆಚ್ಚು ಹಿಗ್ಗುತ್ತದೆ, ಅದರ ಹಿಂದಿನ ಉಕ್ಕು ಸುಮಾರು ಅರ್ಧ ಮಿ.ಮೀ. ಎಲ್ಲ ಸ್ಕ್ರೂಗಳೂ ದುಂಡು ತೂತಿನಲ್ಲಿ ಬಿಗಿಯಾಗಿದ್ದರೆ ಈ ವ್ಯತ್ಯಾಸಕ್ಕೆ ಹೋಗಲು ಜಾಗವಿಲ್ಲ. ಕಂಪನಿಯ ತುಂಡಿನಲ್ಲಿ ನಡುವಿನ ಒಂದು ತೂತು ದುಂಡು, ಉಳಿದವು ಉದ್ದುದ್ದ ಇರುವುದು ಇದಕ್ಕೇ. ದುರಸ್ತಿ ಮಾಡುವಾಗ, ನಕಲು ತುಂಡಿಗೆ ತೂತು ಕೊರೆಯುವಾಗ ಹಾಗೆಯೇ ಮಾಡಿ. ಅಗಲ ವಾಷರ್ ಹಾಕಿ, ಸ್ಕ್ರೂ ತಾಗಿದ ಮೇಲೆ ಕಾಲು ಸುತ್ತು ಸಾಕು.

ಕ್ಲಿಪ್ಪುಗಳನ್ನು ತೂತಿನ ಅಳತೆ ಹಿಡಿದು ತನ್ನಿ. ಕ್ಯಾಲಿಪರ್‌ನಿಂದ ತಗಡಿನ ತೂತು, ಕ್ಲಿಪ್ಪಿನ ತಲೆ, ಕತ್ತಿನ ಉದ್ದ ಮೂರನ್ನೂ ಅಳೆಯಿರಿ. ಎಣಿಸಿದ್ದಕ್ಕಿಂತ ಐದರಲ್ಲಿ ಒಂದು ಪಾಲು ಹೆಚ್ಚು ಕೊಳ್ಳಿ, ಹಾಕುವಾಗ ಕೆಲವು ಮುರಿಯುತ್ತವೆ. ಕತ್ತಿನಲ್ಲಿ ಫೋಮ್ ಅಥವಾ ರಬ್ಬರ್ ಬಳೆಯಿರುವ ಬಗೆಯೇ ಬೇಕು, ಅದು ತೂತನ್ನು ನೀರಿನಿಂದ ಮುಚ್ಚುತ್ತದೆ. ಪ್ರತಿ ತೂತಿನ ಅಂಚಿಗೂ ಸಣ್ಣ ಕುಂಚದಿಂದ ಎಪಾಕ್ಸಿ ಪ್ರೈಮರ್ ಹಚ್ಚಿ ಒಣಗಿಸಿದ ನಂತರವೇ ಕ್ಲಿಪ್.

ಕೊನೆಯದಾಗಿ ಕಲ್ಲು ಎಲ್ಲಿಂದ ಬರುತ್ತಿದೆ ನೋಡಿ. ನಿಮ್ಮ ಗುರುತುಗಳು ಮುಂದಿನ ಚಕ್ರದ ಹಿಂದೆಯೇ ಇವೆ, ಅಂದರೆ ನಿಮ್ಮದೇ ಟೈರ್ ಎಸೆಯುತ್ತಿದೆ. ಟೈರ್ ಫೆಂಡರ್‌ನಿಂದ ಹೊರಗೆ ಚಾಚಿದ್ದರೆ ಯಾವ ಕೋಟಿಂಗೂ ಹೆಚ್ಚು ದಿನ ತಡೆಯುವುದಿಲ್ಲ. ಟೈರಿನ ಪೂರ್ತಿ ಅಗಲ ಮುಚ್ಚುವ ಬಾಗುವ ಮಡ್‌ಫ್ಲ್ಯಾಪ್ ಹಾಕಿ, ಸ್ಟಿಯರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಟೈರ್ ತಾಗುವುದಿಲ್ಲವೆಂದು ಖಚಿತ ಮಾಡಿಕೊಳ್ಳಿ.

ಚಾಸಿಗಾಡಿ:

ಮೂವರಿಗೂ ಧನ್ಯವಾದ. ಸ್ಕ್ರೂಡ್ರೈವರ್ ಒತ್ತಿ ನೋಡಿದೆ, ಎರಡೂ ಕಡೆ ತಗಡು ಗಟ್ಟಿಯಿದೆ. ಇನ್ನು ನಾಲ್ಕು ಪ್ರಶ್ನೆ. ಸಿಲ್‌ಗೆ ಕಪ್ಪು ಡಾಂಬರು ಬಗೆಯ ಅಂಡರ್‌ಕೋಟ್ ಹೊಡೆಯಿರಿ ಎಂದು ಕೆಲವರು ಹೇಳುತ್ತಾರೆ, ಅದು ಸರಿಯೇ? ಪಿಕಪ್ ಗಾಡಿಯ ಸಾಮಾನು ತೊಟ್ಟಿಗೆ ಹೊಡೆಯುವ ಬೆಡ್‌ಲೈನರ್ ಬಗೆಯ ಒರಟು ಕೋಟಿಂಗ್ ಹೇಗೆ? ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ ಮೇಲೆ ಪಟ್ಟೆಗೆ ಎಷ್ಟು ದಿನ ಕಾಯಬೇಕು, ಪಟ್ಟೆಯ ಮೇಲೆ ಪಿಪಿಎಫ್ (ಬಣ್ಣ ಕಾಯುವ ಪಾರದರ್ಶಕ ಫಿಲ್ಮ್) ಹಾಕಬಹುದೇ?

ಟಿಂಕರಿಂಗ್‌ಶೆಡ್:

ಡಾಂಬರು ಬಗೆ ಹೊರಗೆ ಕಾಣುವ ಸಿಲ್‌ಗೆ ಬೇಡ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ವರ್ಷಗಳು ಕಳೆದಂತೆ ಗಡುಸಾಗಿ ಬಿರಿಯುತ್ತದೆ, ಬಿರುಕಿನಲ್ಲಿ ಹೋದ ನೀರು ಆರುವುದಿಲ್ಲ. ಮೇಲಿನಿಂದ ನೋಡಿದರೆ ಕಪ್ಪಗೆ ಅಂದವಾಗಿಯೇ ಇರುತ್ತದೆ, ಅಡಿಯಲ್ಲಿ ತಗಡು ಪದರಪದರವಾಗಿ ಏಳುತ್ತಿರುತ್ತದೆ.

ಎರಡು ಭಾಗದ ಪಾಲಿಯುರೆಥೇನ್ ಬೆಡ್‌ಲೈನರ್ ಒಳ್ಳೆಯದೇ. ಯು-ಪೋಲ್ ರ‍್ಯಾಪ್ಟರ್‌ನಂಥದ್ದಾದರೆ 3 ಪಾಲಿಗೆ 1 ಪಾಲು ಹಾರ್ಡನರ್, ಬೆರೆಸಿದ ಮೇಲೆ ಸುಮಾರು ಒಂದು ಗಂಟೆಯೊಳಗೆ ಮುಗಿಸಬೇಕು. ಹೊಳಪು ಬಣ್ಣದ ಮೇಲೆ ನೇರ ಹೊಡೆದರೆ ಹಾಳೆಯಂತೆ ಸುಲಿದು ಬರುತ್ತದೆ. ಹೊಳಪು ಪೂರ್ತಿ ಹೋಗುವಂತೆ 180-240ರ ಎಮರಿ ಹಿಡಿಯಿರಿ, ಬರಿಯ ಲೋಹಕ್ಕೆ ಮೊದಲು ಎಪಾಕ್ಸಿ. ತೆಳುವಾಗಿ ಎರಡು ಕೈ. ಮಾಸ್ಕಿಂಗ್ ಟೇಪ್ ಅನ್ನು ಕೋಟಿಂಗ್ ಇನ್ನೂ ಮೆತ್ತಗಿರುವಾಗಲೇ ತೆಗೆಯಿರಿ, ಗಟ್ಟಿಯಾದ ಮೇಲೆ ಎಳೆದರೆ ಅಂಚು ಹರಿಯುತ್ತದೆ. ಇದರ ಹಾರ್ಡನರ್‌ನಲ್ಲಿ ಉಸಿರಾಟಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಇದೆ. ಬಟ್ಟೆಯ ಮಾಸ್ಕ್, ದೂಳಿನ ಮಾಸ್ಕ್ ಸಾಲದು, ಹೊರಗಿನ ಗಾಳಿ ಕೊಡುವ ಮಾಸ್ಕ್ ಇಲ್ಲದಿದ್ದರೆ ಸ್ಪ್ರೇ ಮಾಡುವವರಿಗೆ ಕೆಲಸ ಒಪ್ಪಿಸಿ. ಒಂದು ಮಿತಿಯಿದೆ: ಆ ಒರಟು ಮೇಲ್ಮೈಗೆ ವಿನೈಲ್ ಆಗಲಿ ಡಬಲ್‌ಟೇಪ್ ಆಗಲಿ ಹಿಡಿಯುವುದಿಲ್ಲ. ಕ್ಲ್ಯಾಡಿಂಗ್‌ನ ಮೇಲಂಚಿಗೆ ಟೇಪ್ ಇದ್ದರೆ ಆ ಗೆರೆಗೆ 10 ಮಿ.ಮೀ. ಕೆಳಗೇ ಕೋಟಿಂಗ್ ನಿಲ್ಲಿಸಿ.

ಆ ಟೇಪ್ ಅಕ್ರಿಲಿಕ್ ಫೋಮ್‌ನದು, ಸುಮಾರು 1 ಮಿ.ಮೀ. ದಪ್ಪದ್ದು ಇರಲಿ. ಪಿಪಿ ತುಂಡಿಗೆ ಅಂಟಿಸುವ ಮೊದಲು ಟೇಪ್ ಕಂಪನಿಯದೇ ಪ್ರೈಮರ್. ಗಟ್ಟಿಯಾಗಿ ಒತ್ತಿ. ಇಂಥದೇ ಟೇಪ್ ಆದ 3ಎಂ ಕಂಪನಿಯ ವಿಎಚ್‌ಬಿಯ ಲೆಕ್ಕದಲ್ಲಿ ಕೋಣೆಯ ಬಿಸಿಯಲ್ಲಿ 20 ನಿಮಿಷಕ್ಕೆ ಅರ್ಧ ಹಿಡಿತ, 24 ಗಂಟೆಗೆ ಶೇ. 90, 72 ಗಂಟೆಗೆ ಪೂರ್ತಿ. ಅಲ್ಲಿಯವರೆಗೆ ಗಾಡಿ ತೊಳೆಯಬೇಡಿ.

ವಿನೈಲ್‌ಕತ್ತರಿ:

ಹೊಸ ಬಣ್ಣಕ್ಕೆ 30 ದಿನ ಕೊಡಿ. ಒಲೆಯಲ್ಲಿ ಒಣಗಿಸಿದ್ದಾದರೆ ಬೇಗ ಆಗಬಹುದು, ಬಣ್ಣದ ತಯಾರಕರ ಮಾತೇ ಅಂತಿಮ. ಒಣಗಿದಂತೆ ಕಂಡರೂ ಸಾಲ್ವೆಂಟ್ ಆವಿ ಹೊರಬರುತ್ತಲೇ ಇರುತ್ತದೆ, ಮೇಲೆ ವಿನೈಲ್ ಮುಚ್ಚಿದರೆ ಸಣ್ಣ ಗುಳ್ಳೆಗಳ ರಾಶಿ ಏಳುತ್ತದೆ. ಆ ಗುಳ್ಳೆ ಚುಚ್ಚಿದರೂ ಮತ್ತೆ ಬರುತ್ತದೆ.

ಪಟ್ಟೆಯ ಕೆಳಗೆರೆ ಕ್ಲ್ಯಾಡಿಂಗ್‌ಗೆ ಸಮಾನಾಂತರವಾಗಿರುವುದರಿಂದ ಕ್ಲ್ಯಾಡಿಂಗ್ ಕೂರಿಸಿದ ಮೇಲೆಯೇ ಪಟ್ಟೆ ಹಾಕಿ. ಟ್ರೇಸ್ ಹಾಳೆಯಲ್ಲಿ ಎಳೆದ ಮೇಲಂಚು ಈಗ ಉಪಯೋಗಕ್ಕೆ ಬರುತ್ತದೆ.

ಪಿಪಿಎಫ್ ಹಾಕಬಹುದು, ಆದರೆ ಹೊಸ ಕ್ಯಾಸ್ಟ್ ಪಟ್ಟೆಯ ಮೇಲೆ ಮಾತ್ರ, ಪಟ್ಟೆ ಅಂಟಿಸಿ ವಾರ ಕಳೆದ ಮೇಲೆ. ಪಿಪಿಎಫ್ 150-200 ಮೈಕ್ರಾನ್ ದಪ್ಪದ ಟಿಪಿಯು (ಹಿಗ್ಗುವ ಪಾಲಿಯುರೆಥೇನ್ ಪ್ಲಾಸ್ಟಿಕ್), ಅದರ ಅಂಟು ಪಟ್ಟೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಮುಂದೆ ತೆಗೆಯುವಾಗ ಪಟ್ಟೆಯೂ ಬರಬಹುದು ಎಂದು ಒಪ್ಪಿಯೇ ಹಾಕಿ. ಪಟ್ಟೆಯ ಅಂಚಿನ ಪಕ್ಕದಲ್ಲೇ ಪಿಪಿಎಫ್ ಮುಗಿಸಬೇಡಿ. ಕನಿಷ್ಠ 10 ಮಿ.ಮೀ. ಬಣ್ಣದ ಮೇಲೆ ದಾಟಲಿ. ಇಡೀ ಪಕ್ಕಕ್ಕೆ ಬೇಕಿಲ್ಲ. ಮುಂದಿನ ಚಕ್ರದ ಹಿಂದಿನ ಫೆಂಡರ್ ತುದಿ, ಮುಂಬಾಗಿಲಿನ ಕೆಳಗಿನ ಮೂರನೇ ಒಂದು ಭಾಗ, ಹಿಂದಿನ ಚಕ್ರದ ಮುಂದಿನ ಬಾಗು, ಇಷ್ಟಕ್ಕೇ ಕತ್ತರಿಸಿ.

ಪಟ್ಟೆಗೆ ಮೊದಲ 24 ಗಂಟೆ ನೀರು ಬೇಡ, ಒಂದು ವಾರ ಪ್ರೆಶರ್ ವಾಶ್ ಬೇಡ. ಆಮೇಲೂ ನಾಜಲ್ 30 ಸೆಂ.ಮೀ.ಗಿಂತ ಹತ್ತಿರ ತರದೆ, ಫಲಕಕ್ಕೆ ನೇರವಾಗಿ ಹಿಡಿಯಿರಿ. ಓರೆಯಾಗಿ ಹೊಡೆದ ನೀರು ಅಂಚಿನಡಿ ನುಗ್ಗುತ್ತದೆ. ಕತ್ತರಿಸಿದ ಫೈಲಿನ ಒಂದು ಪ್ರತಿ ಅಂಗಡಿಯಿಂದ ಕೇಳಿ ಇಟ್ಟುಕೊಳ್ಳಿ, ಜೊತೆಗೆ ಫಿಲ್ಮಿನ ಕಂಪನಿ, ಸರಣಿ, ಬಣ್ಣದ ಸಂಖ್ಯೆ. ಒಂದು ಬಾಗಿಲು ಕೆರೆದರೆ ಆ ತುಂಡೊಂದನ್ನೇ ಮತ್ತೆ ಕತ್ತರಿಸಿ ಹಾಕಬಹುದು.